ಎಸ್‌ಎಸ್ ಸಿಗ್ನಿ: ಎಕ್ಸ್-ರೇ ಮತ್ತು ಗೋಚರ ಬೆಳಕಿನ ವೀಕ್ಷಣೆ ಒಂದೇ ಹೊತ್ತಿಗೆ ನಡೆಯಲೇಬೇಕೇ?

ತಾರಸಿ_ದೂರದರ್ಶಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹೊರವಲಯದಲ್ಲಿರುವ ನಮ್ಮ ಮನೆಯ ತಾರಸಿಯಿಂದ, ಎಂಟು ಇಂಚಿನ ದೂರದರ್ಶಕದಲ್ಲಿ, ಎರಡು ವರ್ಷಗಳಿಂದ ರಾಜಹಂಸ ಪುಂಜದ ಎಸ್‌ಎಸ್ ಸಿಗ್ನಿಯನ್ನು ಗಮನಿಸುತ್ತಿದ್ದೇನೆ. ಒಂದು ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರದ ತಿರುಳು) ಮತ್ತು ಸೂರ್ಯನಿಗಿಂತ ಚಿಕ್ಕದಾದ ಒಂದು ನಕ್ಷತ್ರ 6.6 ಗಂಟೆಗೊಮ್ಮೆ ಪರಸ್ಪರ ಸುತ್ತುವ ಈ ಜೋಡಿ ಸಾಮಾನ್ಯವಾಗಿ 12ನೇ ಕಾಂತಿಮಾನದಲ್ಲಿದ್ದು (ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು), ಸರಾಸರಿ ಏಳು ವಾರಗಳಿಗೊಮ್ಮೆ ಉಕ್ಕಿ, ಅಂದರೆ ಥಟ್ಟನೆ ಪ್ರಖರವಾಗಿ, 8ರ ಆಸುಪಾಸಿಗೆ ಬರುತ್ತದೆ ಎಂಬುದು ಇಲ್ಲಿನ ಹಲವರಿಗೆ ಗೊತ್ತಿರುವ ವಿಷಯ.

ನನ್ನ ಸಂದೇಹ ಇಷ್ಟು. ಉಪಗ್ರಹಗಳು ಹಿಂದೆ ದಾಖಲಿಸಿದ ಎಕ್ಸ್-ರೇ ದತ್ತಾಂಶ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಒಂದು ಉಕ್ಕು ಇನ್ನೊಂದರಂತೆಯೇ ಇರುವುದಾದರೆ, ಯಾವುದೋ ವರ್ಷದ ಎಕ್ಸ್-ರೇ ದಾಖಲೆಯನ್ನು ನನ್ನ ಈ ವರ್ಷದ ಅಳತೆಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ಸಾಲದೇ? ಏಕಕಾಲದ ವೀಕ್ಷಣೆಗೆಂದು ಅಷ್ಟೊಂದು ದೂರದರ್ಶಕಗಳನ್ನು ಹೊಂದಿಸುವ ತಾಪತ್ರಯವೇಕೆ?

ಹಳೆ_ಉಪನ್ಯಾಸಕ

ಸಾಲದು. ಮೊದಲನೆಯದಾಗಿ, ಒಂದು ಉಕ್ಕು ಇನ್ನೊಂದರಂತೆ ಇರುವುದಿಲ್ಲ. ಕೆಲವು ಒಂದು ವಾರದಲ್ಲಿ ಮುಗಿದರೆ ಕೆಲವು ಎರಡು ವಾರಕ್ಕೂ ಮಿಕ್ಕಿ ಎಳೆಯುತ್ತವೆ, ಏರುವ ವೇಗವೂ ಬೇರೆ ಬೇರೆ. ಎರಡನೆಯದು ಇನ್ನೂ ಮುಖ್ಯವಾದದ್ದು: ಇಲ್ಲಿ ನಾವು ತಿಳಿಯಬಯಸುವುದು ಯಾವ ಬೆಳಕು ಎಷ್ಟು ಬಂತು ಎಂಬುದನ್ನಷ್ಟೇ ಅಲ್ಲ, ಯಾವುದು ಮೊದಲು ಬಂತು, ಯಾವುದು ಎಷ್ಟು ತಡವಾಯಿತು ಎಂಬುದನ್ನು.

1996ರ ಅಕ್ಟೋಬರಿನಲ್ಲಿ ಇದೇ ಎಸ್‌ಎಸ್ ಸಿಗ್ನಿಯ ಒಂದು ಉಕ್ಕನ್ನು ಆರ್‌ಎಕ್ಸ್‌ಟಿಇ ಉಪಗ್ರಹವು ಎಕ್ಸ್-ರೇಯಲ್ಲಿಯೂ, ಇಯುವಿಇ ಉಪಗ್ರಹವು ತೀವ್ರ ಅತಿನೇರಳೆಯಲ್ಲಿಯೂ, ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘವಾದ ಎಎವಿಎಸ್‌ಒದ ಹವ್ಯಾಸಿಗಳು ಗೋಚರ ಬೆಳಕಿನಲ್ಲಿಯೂ ಹಿಂಬಾಲಿಸಿದರು. ಮೊದಲು ಏರಿದ್ದು ಗೋಚರ ಬೆಳಕು. ಎಕ್ಸ್-ರೇ ಏರತೊಡಗಿದ್ದು ಸುಮಾರು ಒಂದು ದಿನ ತಡವಾಗಿ. ಆಮೇಲೆ ನಡೆದದ್ದು ವಿಚಿತ್ರ: ನಕ್ಷತ್ರ ಇನ್ನೂ ಬೆಳಗುತ್ತಿರುವಾಗಲೇ ಎಕ್ಸ್-ರೇ ಕೆಲವೇ ಗಂಟೆಗಳಲ್ಲಿ ಕುಸಿಯಿತು, ಅದೇ ಹೊತ್ತಿಗೆ ತೀವ್ರ ಅತಿನೇರಳೆ ಚಿಮ್ಮಿತು.

ಶ್ವೇತಕುಬ್ಜದ ಸುತ್ತ ಸಂಗಾತಿಯಿಂದ ಬಂದ ಅನಿಲ ತಟ್ಟೆಯಂತೆ ಸುತ್ತುತ್ತಿರುತ್ತದೆ. ತಟ್ಟೆಯ ಹೊರಭಾಗದಲ್ಲಿ ಹುಟ್ಟಿದ ಕಾವು ಒಳಮುಖವಾಗಿ ಸಾಗಿ ಶ್ವೇತಕುಬ್ಜದ ಮೈಮುಟ್ಟಲು ಹಿಡಿದ ಅವಧಿಯೇ ಆ ಒಂದು ದಿನ. ಶಾಂತ ಸ್ಥಿತಿಯಲ್ಲಿ ಶ್ವೇತಕುಬ್ಜದ ಮೇಲೆ ಬೀಳುವ ಅನಿಲ ತೀರಾ ವಿರಳವಾದ್ದರಿಂದ ಅದು ಬೇಗ ತಣಿಯಲಾರದೆ ಕೋಟಿಗಟ್ಟಲೆ ಡಿಗ್ರಿಗೆ ಕಾದು ಎಕ್ಸ್-ರೇ ಸೂಸುತ್ತದೆ; ಹರಿವು ಹೆಚ್ಚಿ ಅನಿಲ ದಟ್ಟವಾದಾಗ ಅದೇ ಪದರ ಚೆನ್ನಾಗಿ ತಣಿದು, ಕೆಲವು ಲಕ್ಷ ಡಿಗ್ರಿಗೆ ಇಳಿದು, ತೀವ್ರ ಅತಿನೇರಳೆಗೆ ಹೊರಳುತ್ತದೆ. ಬೇರೆ ಬೇರೆ ವರ್ಷಗಳ ದಾಖಲೆಗಳನ್ನು ಅಂಟಿಸಿ ನೋಡಿದ್ದರೆ ಈ ಹೊರಳುವಿಕೆ ಕಾಣುತ್ತಲೇ ಇರಲಿಲ್ಲ. ಇದು ಕಂಡದ್ದಕ್ಕೆ ಎಸ್‌ಎಸ್ ಸಿಗ್ನಿ ನಮಗೆ ಹತ್ತಿರದಲ್ಲಿರುವುದೂ ಒಂದು ಕಾರಣ, ಏಕೆಂದರೆ ತೀವ್ರ ಅತಿನೇರಳೆಯನ್ನು ನಕ್ಷತ್ರಕ್ಕೂ ನಮಗೂ ನಡುವಿನ ಹೈಡ್ರೋಜನ್ ಬಲುಬೇಗ ನುಂಗಿಬಿಡುತ್ತದೆ.

ಗಡಿಯಾರದ_ಮುಳ್ಳು

ಮೇಲಿನ ವಿವರಣೆಗೆ ಗಡಿಯಾರದ ವಿಷಯವನ್ನು ಸೇರಿಸಬಯಸುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಇಡೀ ಉಕ್ಕಿನ ಅಳತೆಗಳನ್ನು ಭಾರತೀಯ ಸಮಯದಲ್ಲೇ ಕಳುಹಿಸಿಬಿಟ್ಟಿದ್ದೆ. ಉಳಿದವರ ಬಿಂದುಗಳಿಗಿಂತ ನನ್ನವು ಐದೂವರೆ ಗಂಟೆ ತಡವಾಗಿ, ಸಾಲು ತಪ್ಪಿದ ಇರುವೆಗಳಂತೆ, ಪಕ್ಕದಲ್ಲೇ ಇನ್ನೊಂದು ಗೆರೆಯಾಗಿ ಏರುತ್ತಿದ್ದವು. ಕೆಲವೇ ಗಂಟೆಗಳಲ್ಲಿ ಎಕ್ಸ್-ರೇ ಕುಸಿಯುವ ನಕ್ಷತ್ರದಲ್ಲಿ ಇದು ಸಣ್ಣ ತಪ್ಪಲ್ಲ. ದಯವಿಟ್ಟು ಸಾರ್ವತ್ರಿಕ ಸಮಯದಲ್ಲೇ (ಯುಟಿಸಿ, ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ) ಬರೆದಿಡಿ. ಭೂಮಿ ತನ್ನ ಕಕ್ಷೆಯ ಯಾವ ಬದಿಯಲ್ಲಿದೆ ಎಂಬುದರ ಮೇಲೆ ಬೆಳಕು ತಲಪುವ ಹೊತ್ತು ಎಂಟು ನಿಮಿಷದವರೆಗೂ ಹಿಂದೆ ಮುಂದೆ ಆಗಬಹುದಾದ್ದರಿಂದ, ಹೋಲಿಸುವ ಮೊದಲು ಅದನ್ನೂ ಸರಿಪಡಿಸಬೇಕು.

ಶ್ವೇತಕುಬ್ಜದ ಬದಲು ಕಪ್ಪುಕುಳಿ ಇರುವ ಜೋಡಿಗಳಲ್ಲಿ ಲೆಕ್ಕ ಇನ್ನೂ ಬಿಗಿ. ವಿ404 ಸಿಗ್ನಿ 2015ರ ಜೂನ್‌ನಲ್ಲಿ, 1989ರ ನಂತರ ಮೊದಲ ಬಾರಿಗೆ ಎಚ್ಚೆತ್ತಾಗ, ನುಸ್ಟಾರ್ ಉಪಗ್ರಹ ಎಕ್ಸ್-ರೇಯಲ್ಲಿಯೂ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷಲ್ ದೂರದರ್ಶಕ ಗೋಚರ ಬೆಳಕಿನಲ್ಲಿಯೂ ಅದನ್ನು ಜೊತೆಯಾಗಿ ನೋಡಿದವು. ಗೋಚರ ಬೆಳಕಿನ ಮಿನುಗು ಎಕ್ಸ್-ರೇಗಿಂತ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿತ್ತು. ಆ ಅವಧಿಯಲ್ಲಿ ಬೆಳಕು ಕ್ರಮಿಸುವುದು ಸುಮಾರು 30,000 ಕಿ.ಮೀ.; ಕಪ್ಪುಕುಳಿಯಿಂದ ಚಿಮ್ಮುವ ಜೆಟ್ (ಕಾರಂಜಿಯಂತಹ ಕಿರಿದಾದ ಹರಿವು) ಎಷ್ಟು ಮೇಲೆ ಹೋಗಿ ಹೊಳೆಯತೊಡಗುತ್ತದೆ ಎಂಬುದರ ಅಂದಾಜು ಸಿಕ್ಕಿದ್ದು ಹೀಗೆ. ಯಾವ ದೂರದರ್ಶಕದಲ್ಲೂ ಬಿಡಿಸಿ ನೋಡಲಾಗದ ದೂರವನ್ನು ಗಡಿಯಾರ ಅಳೆದುಕೊಟ್ಟಿತು.

ತಾರಸಿ_ದೂರದರ್ಶಕ

ಇಬ್ಬರಿಗೂ ಧನ್ಯವಾದಗಳು. ನನ್ನ ಪುಸ್ತಕದಲ್ಲಿರುವುದೆಲ್ಲ ಭಾರತೀಯ ಸಮಯವೇ, ತಿದ್ದಲು ಕುಳಿತಿದ್ದೇನೆ. ಹಾಗಾದರೆ ನಮ್ಮ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಅತಿನೇರಳೆ ಮತ್ತು ಎಕ್ಸ್-ರೇ ಉಪಕರಣಗಳು ಒಟ್ಟಿಗೇ ಇರುವಾಗ, ನೆಲದಿಂದ ನೋಡುವವರ ಅಗತ್ಯವಾದರೂ ಏನು?

ಹಳೆ_ಉಪನ್ಯಾಸಕ

2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ಹೆಚ್ಚುಗಾರಿಕೆಯೇ ಅದು: ಒಂದೇ ದಿಕ್ಕಿಗೆ ಮುಖ ಮಾಡಿದ ಹಲವು ಕಣ್ಣುಗಳು. ಆದರೆ ಸುಮಾರು 650 ಕಿ.ಮೀ. ಎತ್ತರದಲ್ಲಿ ನೂರು ನಿಮಿಷದೊಳಗೆ ಒಂದು ಸುತ್ತು ಹಾಕುವ ಉಪಗ್ರಹಕ್ಕೆ ಭೂಮಿಯೇ ಪದೇ ಪದೇ ಅಡ್ಡ ಬರುತ್ತದೆ. ಅತಿನೇರಳೆ ಉಪಕರಣವನ್ನು ತೀರಾ ಪ್ರಖರವಾದ ನಕ್ಷತ್ರದತ್ತ ತಿರುಗಿಸಿದರೆ ಅದರ ಸಂವೇದಕಕ್ಕೇ ಅಪಾಯ. ಎಲ್ಲಕ್ಕಿಂತ ಮಿಗಿಲಾಗಿ, ಉಕ್ಕು ಶುರುವಾಗಿದೆ ಎಂದು ಯಾರಾದರೂ ಹೇಳಬೇಕಲ್ಲ?

ಇದಕ್ಕೊಂದು ಉದಾಹರಣೆ: 2013ರಲ್ಲಿ ಎಸ್‌ಎಸ್ ಸಿಗ್ನಿಯ ದೂರವನ್ನು ರೇಡಿಯೊ ದೂರದರ್ಶಕಗಳು ಸುಮಾರು 370 ಜ್ಯೋತಿರ್ವರ್ಷವೆಂದು ಅಳೆದ ಫಲಿತಾಂಶ ಪ್ರಕಟವಾಯಿತು. ಅದಕ್ಕೆ ಮೊದಲು ಹಬಲ್ ಕೊಟ್ಟಿದ್ದ 500ಕ್ಕೂ ಹೆಚ್ಚಿನ ಅಂಕಿ ಸರಿಯಾಗಿದ್ದರೆ, ಮೇಲೆ ನಾನು ಹೇಳಿದ ತಟ್ಟೆಯ ಸಿದ್ಧಾಂತವೇ ಕುಸಿಯುತ್ತಿತ್ತು, ಏಕೆಂದರೆ ಅಷ್ಟು ದೂರದಲ್ಲಿದ್ದೂ ಅಷ್ಟು ಬೆಳಗುವ ತಟ್ಟೆ ಹೀಗೆ ಬಿಟ್ಟು ಬಿಟ್ಟು ಉಕ್ಕುವಂತಿಲ್ಲ. ಈ ನಕ್ಷತ್ರ ರೇಡಿಯೊದಲ್ಲಿ ಚೆನ್ನಾಗಿ ಕಾಣುವುದು ಉಕ್ಕಿನ ದಿನಗಳಲ್ಲಿ ಮಾತ್ರ. ಆ ದಿನಗಳು ಬಂದವೆಂದು ತಿಳಿಸಿದವರು ಹವ್ಯಾಸಿಗಳೇ. ಜಪಾನಿನಲ್ಲಿ ಬೆಳಗಾಗಿ ಯುರೋಪಿನಲ್ಲಿ ಇನ್ನೂ ಕತ್ತಲಾಗದ ಗಂಟೆಗಳಲ್ಲಿ ನಿಮ್ಮ ತಾರಸಿಯ ಅಳತೆಗೆ ಇನ್ನಷ್ಟು ಬೆಲೆ.

ಗಡಿಯಾರದ_ಮುಳ್ಳು

ಮಳೆಗಾಲ ಇದೇ ಪುಂಜ ನಡುನೆತ್ತಿಯತ್ತ ಬರುವ ತಿಂಗಳುಗಳನ್ನೇ ನುಂಗುತ್ತದೆ ಎಂಬುದು ನಮ್ಮ ಹಣೆಬರಹ. ಆದರೂ ಅಕ್ಟೋಬರ್ ನಡುವಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ಅದು ಉತ್ತರದಲ್ಲಿ ಅತಿ ಎತ್ತರದಲ್ಲಿರುತ್ತದೆ. ಮೋಡವಿಲ್ಲದ ಪ್ರತಿ ರಾತ್ರಿಯೂ ಒಂದು ಅಳತೆ ತೆಗೆಯಿರಿ. ಏನೂ ಬದಲಾಗಿಲ್ಲವಾದರೆ ಅದನ್ನೂ ಕಳುಹಿಸಿ. ಉಕ್ಕು ಯಾವ ರಾತ್ರಿ ಶುರುವಾಗಿರಲಿಲ್ಲ ಎಂಬುದೂ ಎಕ್ಸ್-ರೇ ನೋಡುವವರಿಗೆ ಬೇಕು.