ಹೋಲಿಯೋಕ್‌ನಲ್ಲಿ ವಿದ್ಯುತ್ತೂ ಅನಿಲವೂ ಊರಿನವೇ. ಆದರೂ ಹೊಸ ಮನೆಗೆ ಅನಿಲ ಏಕಿಲ್ಲ?

ಪ್ರಶ್ನೆ: ಕೆಇಬಿ_ಹಳಬ

ಮಾನ್ಯರೇ, ಕೆಇಬಿ ಕಾಲದಲ್ಲಿ ಕೆಲಸಕ್ಕೆ ಸೇರಿ, ಅದು ನಿಗಮವಾದದ್ದನ್ನೂ ಆಮೇಲೆ ಕಂಪನಿಗಳಾಗಿ ಒಡೆದದ್ದನ್ನೂ ಕಂಡು ನಿವೃತ್ತನಾದವನು ನಾನು. ಈಗ ಆರು ತಿಂಗಳ ಮಟ್ಟಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅವಳು ಇಲ್ಲಿಯ ಕಾಲುವೆಯ ಪಕ್ಕದಲ್ಲಿರುವ, ಹಾರ್ವರ್ಡ್, ಎಂಐಟಿ ಮೊದಲಾದ ಐದು ವಿಶ್ವವಿದ್ಯಾಲಯಗಳು ಕೂಡಿ 2012ರಲ್ಲಿ ತೆರೆದ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಜನಸಂಖ್ಯೆ ನಲವತ್ತು ಸಾವಿರವೂ ಇಲ್ಲದ ಈ ಊರಿನಲ್ಲಿ ವಿದ್ಯುತ್ತು ಮತ್ತು ಕೊಳವೆ ಅನಿಲ ಎರಡನ್ನೂ ಊರಿನದೇ ಆದ ಒಂದು ಸಂಸ್ಥೆ ಪೂರೈಸುತ್ತದೆ ಎಂಬುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಬಾಸ್ಟನ್ನಿನಲ್ಲಿರುವ ಅಳಿಯನ ಸ್ನೇಹಿತರು ವಿದ್ಯುತ್ ಮಾರುವವರನ್ನು ತಾವೇ ಆರಿಸಿಕೊಳ್ಳುತ್ತಾರೆ. ಇಲ್ಲಿ ಆ ಆಯ್ಕೆಯಿಲ್ಲ, ಆದರೂ ಇಲ್ಲಿಯ ಯೂನಿಟ್ ದರ ಅವರದಕ್ಕಿಂತ ಬಹಳ ಕಡಿಮೆ. ಅನಿಲದ ವಿಷಯದಲ್ಲಿ ಮಾತ್ರ 2019ರಿಂದ ಹೊಸ ಸಂಪರ್ಕಗಳಿಗೆ ತಡೆ ಹಾಕಲಾಯಿತೆಂದು ಕೇಳಿದೆ. ಸಂಸ್ಥೆ ಊರಿನದೇ ಆಗಿರುವಾಗ ಊರಿನವರಿಗೇ ಇಲ್ಲವೆನ್ನುವುದು ಹೇಗೆ? ದರವನ್ನು ನಿಗದಿ ಮಾಡುವವರು ಯಾರು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಕನೆಕ್ಟಿಕಟ್_ಕಣಿವೆ

ಸರ್, ನಾನು ಪಕ್ಕದ ಊರಿನಲ್ಲಿ ಹದಿನಾಲ್ಕು ವರ್ಷದಿಂದ ಇರುವವನು. ದರದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಮ್ಯಾಸಚೂಸೆಟ್ಸ್‌ನಲ್ಲಿ 1891ರಲ್ಲೇ ಊರುಗಳು ಸ್ವಂತ ಬೆಳಕಿನ ಸ್ಥಾವರ ನಡೆಸಬಹುದೆಂಬ ಕಾನೂನು ಬಂತು. ಇಂದು ರಾಜ್ಯದಲ್ಲಿ ವಿದ್ಯುತ್ತಿನ ಇಂಥ ಸಂಸ್ಥೆಗಳು ಸುಮಾರು ನಲವತ್ತಿದ್ದರೆ, ಅನಿಲವನ್ನೂ ಸ್ವಂತವಾಗಿ ಹಂಚುವ ಊರುಗಳು ನಾಲ್ಕೇ: ಹೋಲಿಯೋಕ್, ವೆಸ್ಟ್‌ಫೀಲ್ಡ್, ಮಿಡಲ್‌ಬರೋ ಮತ್ತು ವೇಕ್‌ಫೀಲ್ಡ್. ನಮ್ಮಲ್ಲಿ ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಮಾಡುವ ದರ ನಿಗದಿಯ ಕೆಲಸವನ್ನು ಇವುಗಳ ಮಟ್ಟಿಗೆ ಬಹುಪಾಲು ಊರಿನ ಮಂಡಳಿಯೇ ಮಾಡುತ್ತದೆ. ಖರ್ಚು ಕಳೆದು ಬರುವ ಲಾಭ ಸ್ಥಾವರದ ಬೆಲೆಯ ನೂರಕ್ಕೆ ಎಂಟನ್ನು ಮೀರಬಾರದು ಎಂಬ ಮಿತಿ ಕಾನೂನಿನಲ್ಲಿಯೇ ಇದೆ. 1998ರಲ್ಲಿ ರಾಜ್ಯವು ಚಿಲ್ಲರೆ ವಿದ್ಯುತ್ತನ್ನು ಸ್ಪರ್ಧೆಗೆ ತೆರೆದಾಗ ಊರಿನ ಸಂಸ್ಥೆಗಳಿಗೆ ವಿನಾಯಿತಿ ಸಿಕ್ಕಿತು. ಅದಕ್ಕೇ ನಿಮ್ಮ ಮಗಳಿಗೆ ಆಯ್ಕೆಯಿಲ್ಲ.

ದರ ಕಡಿಮೆಯಿರುವುದಕ್ಕೆ ಮಂಡಳಿಯ ಜಾಣತನವಷ್ಟೇ ಕಾರಣವಲ್ಲ, ನದಿ ಕಾರಣ. ಕನೆಕ್ಟಿಕಟ್ ನದಿ ಇಲ್ಲಿ ಅರವತ್ತು ಅಡಿಯಷ್ಟು ಇಳಿಯುತ್ತದೆ. 1848ರ ನವೆಂಬರಿನಲ್ಲಿ ಕಟ್ಟಿದ ಮೊದಲ ಅಣೆಕಟ್ಟು ಬಾಗಿಲು ಹಾಕಿದ ದಿನವೇ ಕೊಚ್ಚಿಹೋಯಿತು. ಮರುವರ್ಷ ಮತ್ತೊಂದನ್ನು ಮರದಲ್ಲಿ ಕಟ್ಟಿದರು, ಈಗಿರುವ ಕಲ್ಲಿನ ಕಟ್ಟೆ 1900ರಲ್ಲಿ ಮುಗಿಯಿತು. ಅಲ್ಲಿಂದ ಏಳು ಕಿಲೋಮೀಟರಿನಷ್ಟು ಕಾಲುವೆಗಳು ಮೂರು ಮಟ್ಟಗಳಲ್ಲಿ ಊರೊಳಗೆ ಹರಿದು, ಒಂದೇ ನೀರು ಮೇಲಿನ ಗಿರಣಿಯ ಚಕ್ರ ತಿರುಗಿಸಿ ಕೆಳಗಿನದಕ್ಕೂ ದಕ್ಕುತ್ತಿತ್ತು. ಹಾಗೆ ಬೆಳೆದ ಕಾಗದದ ಗಿರಣಿಗಳಿಂದಲೇ ಇದಕ್ಕೆ ಕಾಗದದ ಊರೆಂಬ ಹೆಸರು ಬಂತು. ಊರು ವಿದ್ಯುತ್ ಮತ್ತು ಅನಿಲದ ವ್ಯವಹಾರವನ್ನು ಖಾಸಗಿ ಜಲಶಕ್ತಿ ಕಂಪನಿಯಿಂದ ಕೊಂಡದ್ದು 1902ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದ ವರ್ಷವೂ ಅದೇ ಎಂಬುದು ನಿಮ್ಮಂಥವರಿಗೆ ಖುಷಿ ಕೊಡಬಹುದು. ಆದರೆ ಅಣೆಕಟ್ಟು ಮತ್ತು ಕಾಲುವೆಗಳು ಕಂಪನಿಯ ಕಡೆಯೇ ಉಳಿದವು; ಅವು ಊರಿನ ಕೈಗೆ ಬಂದದ್ದು ತೊಂಬತ್ತೊಂಬತ್ತು ವರ್ಷಗಳ ನಂತರ, 2001ರ ಡಿಸೆಂಬರಿನಲ್ಲಿ. ನೀರಿಗೆ ಇಂಧನದ ಬಿಲ್ಲಿಲ್ಲವಾದ್ದರಿಂದ ಸಾಲದ ಕಂತು, ದುರಸ್ತಿ ಮತ್ತು ಸಂಬಳ ಇವಿಷ್ಟೇ ಮುಖ್ಯ ಖರ್ಚು. ಗಣಕ ಕೇಂದ್ರ ಇಲ್ಲಿಗೆ ಬಂದದ್ದೂ ಈ ಅಗ್ಗದ ಜಲವಿದ್ಯುತ್ತಿನ ಆಕರ್ಷಣೆಯಿಂದಲೇ. ವಸಂತದಲ್ಲಿ ಸಮಯವಿದ್ದರೆ ಅಣೆಕಟ್ಟಿನ ಮೀನಿನ ಲಿಫ್ಟ್ ನೋಡಿ ಬನ್ನಿ. ಮೊಟ್ಟೆಯಿಡಲು ಸಮುದ್ರದಿಂದ ಬರುವ ಶ್ಯಾಡ್ ಮೀನುಗಳನ್ನು ತೊಟ್ಟಿಯಲ್ಲಿ ತುಂಬಿ ಮೇಲೆತ್ತಿ ಬಿಡುವ ಕೆಲಸ 1955ರಿಂದ ನಡೆದಿದೆ.

ಉತ್ತರ: ಕೊಳವೆ_ಲೆಕ್ಕ

ಅನಿಲದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅನಿಲ ವಿತರಣೆಯೇ ನನ್ನ ಕಸುಬು. ಊರಿನ ಸ್ವತ್ತು ಎಂದರೆ ರಸ್ತೆಯಡಿಯ ಕೊಳವೆ, ಒತ್ತಡ ಇಳಿಸುವ ಠಾಣೆ ಮತ್ತು ಮೀಟರು; ಅನಿಲ ಊರಿನದಲ್ಲ. ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಮ್ಯಾಸಚೂಸೆಟ್ಸ್ ಸೇರಿದ ಅಮೆರಿಕದ ಈಶಾನ್ಯ ಮೂಲೆಯ ಆರು ರಾಜ್ಯಗಳಲ್ಲಿ, ಅನಿಲದ ಬಾವಿಗಳೇ ಇಲ್ಲ. ದೂರದ ರಾಜ್ಯಗಳಿಂದ ಬರುವ ದೊಡ್ಡ ಕೊಳವೆಗಳ ತುದಿಯಲ್ಲಿ ಈ ಪ್ರದೇಶವಿದೆ, ಆ ಕೊಳವೆಯ ಒಂದು ಸಣ್ಣ ಕವಲಿನ ಮೇಲೆ ಹೋಲಿಯೋಕ್ ಇದೆ. ನಾಲೆಯ ಕೊನೆಯ ಹೊಲದವನ ಪಾಡು ನಮಗೆ ಗೊತ್ತಿರುವುದೇ. ಕವಲಿನಲ್ಲಿ ಖಾತರಿಯಾಗಿ ಸಿಗುವ ಪಾಲು ಇಷ್ಟೇ ಎಂದು ಕರಾರಾಗಿರುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಬೆಳಗಿನ ಜಾವದಲ್ಲಿ ಮನೆಗಳನ್ನು ಬೆಚ್ಚಗಿಡುವ ಅನಿಲದ ಬಾಯ್ಲರ್‌ಗಳೆಲ್ಲ ಒಟ್ಟಿಗೆ ಉರಿದರೂ ಅದನ್ನು ದಾಟುವಂತಿಲ್ಲ. ಅಂಥ ದಿನಗಳಿಗೆಂದು ಊರು ದ್ರವ ಅನಿಲವನ್ನು ತೊಟ್ಟಿಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಮತ್ತೆ ಆವಿಯಾಗಿಸಿ ಕೊಳವೆಗೆ ಸೇರಿಸುತ್ತದೆ. ಮೈನಸ್ 162 ಡಿಗ್ರಿಗೆ ತಂಪಾಗಿಸಿದ ಅನಿಲ ಆರುನೂರರಲ್ಲಿ ಒಂದು ಪಾಲಿನಷ್ಟು ಜಾಗದಲ್ಲಿ ಕೂರುತ್ತದೆಯಾದರೂ, ತೊಟ್ಟಿ ಬರಿದಾದರೆ ಮುಂದೇನು ಎಂಬ ಭಯ ನಿರ್ವಾಹಕರನ್ನು ಬಿಡುವುದಿಲ್ಲ. ವಿದ್ಯುತ್ ಸಾಲದಿದ್ದರೆ ಒಂದು ಫೀಡರನ್ನು, ಅಂದರೆ ಒಂದು ಭಾಗಕ್ಕೆ ಹೋಗುವ ವಿದ್ಯುತ್ ಮಾರ್ಗವನ್ನು, ತೆಗೆದು ಅರ್ಧ ಗಂಟೆಯ ನಂತರ ಹಾಕಬಹುದು. ಅನಿಲದ ಒತ್ತಡ ಬಿದ್ದು ಪೂರೈಕೆ ನಿಂತರೆ, ಸಿಬ್ಬಂದಿ ಮನೆಮನೆಗೆ ಹೋಗಿ ಕವಾಟ ಮುಚ್ಚಿ, ಒತ್ತಡ ಸರಿಯಾದ ಮೇಲೆ ಪ್ರತಿಯೊಂದು ಉಪಕರಣವನ್ನೂ ಪರೀಕ್ಷಿಸಿ ಹೊತ್ತಿಸಬೇಕು. ಮರಗಟ್ಟುವ ಚಳಿಯಲ್ಲಿ ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ.

ಈ ಕಡೆಗೆ ಹೆಚ್ಚು ಅನಿಲ ತರಬೇಕಿದ್ದ ದೊಡ್ಡ ಕೊಳವೆಯ ಯೋಜನೆಯನ್ನು ಅದರ ಕಂಪನಿ 2016ರಲ್ಲಿ ಕೈಬಿಟ್ಟಿತು. ಆ ನಂತರ 2019ರ ಜನವರಿಯಲ್ಲಿ ಹೊಸ ಸಂಪರ್ಕಗಳಿಗೆ ತಡೆ ಬಂತು. ಈಗಾಗಲೇ ಸಂಪರ್ಕವಿರುವವರನ್ನು ಕಾಪಾಡಲು ಹೊಸಬರಿಗೆ ಇಲ್ಲವೆನ್ನುವುದು ನನ್ನ ದೃಷ್ಟಿಯಲ್ಲಿ ಜವಾಬ್ದಾರಿಯ ನಡೆಯೇ. ಇನ್ನು ಅನಿಲದ ದರ ಬದಲಾಗುತ್ತಿರುವುದಕ್ಕೆ ಕಾರಣವೆಂದರೆ, ಮಾರುಕಟ್ಟೆಯಲ್ಲಿ ಕೊಂಡ ಬೆಲೆಯನ್ನು ಹೊಂದಾಣಿಕೆ ಶುಲ್ಕವಾಗಿ ಬಿಲ್ಲಿಗೆ ಸೇರಿಸುತ್ತಾರೆ.

ಉತ್ತರ: ಸಂಶಯಜೀವಿ

ಮೇಲಿನ ಇಬ್ಬರ ಮಾತೂ ಸರಿ, ಆದರೆ ಚಿತ್ರ ಇನ್ನೂ ಸ್ವಲ್ಪ ತೊಡಕಾಗಿದೆ. ಅನಿಲ ಸಿಗದ ಮನೆಯವರು ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ವಿದ್ಯುತ್ತಿನ ಬಲದಿಂದ ಒಳಗೆಳೆದು ಮನೆಯನ್ನು ಬೆಚ್ಚಗಿಡುವ ಯಂತ್ರ, ಹಾಕಿಸುತ್ತಾರೆ. ಅನಿಲವನ್ನಷ್ಟೇ ಮಾರುವ ಕಂಪನಿಗೆ ಅದು ನಷ್ಟ. ಇಲ್ಲಿ ಗ್ರಾಹಕ ಒಂದೇ ಸಂಸ್ಥೆಯ ಒಂದು ಲೆಕ್ಕದ ಪುಸ್ತಕದಿಂದ ಇನ್ನೊಂದಕ್ಕೆ ಹೋಗುತ್ತಾನೆ, ಅದು ಎರಡನ್ನೂ ಒಬ್ಬರೇ ನಡೆಸುವುದರ ನಿಜವಾದ ಲಾಭ. ಆದರೆ ಚಳಿಗಾಲದ ರಾತ್ರಿ ಪಂಪುಗಳೆಲ್ಲ ಓಡತೊಡಗಿದಾಗ ನದಿಯಲ್ಲಿ ನೀರು ಹೆಚ್ಚಾಗುವುದಿಲ್ಲ. ಕೊರತೆಯನ್ನು ಪ್ರಾದೇಶಿಕ ಜಾಲದಿಂದ ಕೊಳ್ಳಬೇಕು. ನ್ಯೂ ಇಂಗ್ಲೆಂಡಿನಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಅರ್ಧದಷ್ಟು ಅನಿಲದಿಂದಲೇ ಬರುತ್ತದೆ, ಊರಿನಲ್ಲೇ ಇದ್ದ ಮೌಂಟ್ ಟಾಮ್ ಕಲ್ಲಿದ್ದಲು ಸ್ಥಾವರವೂ 2014ರಲ್ಲಿ ಮುಚ್ಚಿತು. ಮುಂಬಾಗಿಲಲ್ಲಿ ತಡೆದ ಕೊಳವೆಯ ಕೊರತೆ ಹಿತ್ತಿಲಿನಿಂದ ಒಳಬರುತ್ತದೆ.

ಕೆಇಬಿ_ಹಳಬ

ಮೂವರಿಗೂ ಕೃತಜ್ಞತೆಗಳು. ಮಗಳ ಮನೆಯಲ್ಲಿ ಅನಿಲದ ಬಾಯ್ಲರೂ ಇದೆ, ಮಹಡಿಯ ಕೋಣೆಗೆ ಹೀಟ್ ಪಂಪೂ ಇದೆ. ಹಾಗಾಗಿ ಹಳೆಯ ಅಭ್ಯಾಸದಂತೆ ಕಾಗದ ಹಿಡಿದು ಕೂತೆ. ಥರ್ಮ್ ಎಂಬುದು ಅನಿಲದ ಶಾಖವನ್ನು ಅಳೆಯುವ ಮಾನ; ಒಂದು ಥರ್ಮ್ ಅನಿಲವೆಂದರೆ 29.3 ಯೂನಿಟ್‌ನಷ್ಟು ಶಾಖ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಅಂಥ ಆರು, ಆರೂವರೆ ಥರ್ಮ್ ಇರುತ್ತದೆ. ಬಾಯ್ಲರಿನ ದಕ್ಷತೆ ನೂರಕ್ಕೆ 85 ಎಂದು ಹಿಡಿದರೆ ಮನೆಗೆ ದಕ್ಕುವುದು 25 ಯೂನಿಟ್. ಪಂಪು ಒಂದು ಯೂನಿಟ್ ತಿಂದು ಎರಡೂವರೆ ಯೂನಿಟ್ ಶಾಖ ಕೊಟ್ಟರೆ, ಅದೇ ಶಾಖಕ್ಕೆ ಹತ್ತು ಯೂನಿಟ್ ವಿದ್ಯುತ್ತು ಸಾಕು. ಹತ್ತು ಯೂನಿಟ್ಟಿನ ಬೆಲೆ ಒಂದು ಥರ್ಮಿನ ಬೆಲೆಗಿಂತ ಕಡಿಮೆಯಿದ್ದ ತಿಂಗಳು ಪಂಪು, ಹೆಚ್ಚಿದ್ದ ತಿಂಗಳು ಬಾಯ್ಲರು ಎಂದು ಮಗಳಿಗೆ ಹೇಳಿದ್ದೇನೆ. ಕಡುಚಳಿಯಲ್ಲಿ ಪಂಪಿನ ಎರಡೂವರೆ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಜನವರಿಯ ಬಿಲ್ಲು ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.