ಟ್ರಂಪೆಟ್ ಎಟ್ಯೂಡ್ ರೆಕಾರ್ಡ್ ಮಾಡಿ ಕೇಳುವವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬಿ ಫ್ಲಾಟ್ ಟ್ರಂಪೆಟ್ ನುಡಿಸುತ್ತೇನೆ. ಸ್ಕೇಲ್, ಸ್ಲರ್ (ನಾಲಿಗೆ ತಾಗಿಸದೆ ಸ್ವರಗಳನ್ನು ಜೋಡಿಸುವುದು), ಟಂಗಿಂಗ್ (ನಾಲಿಗೆಯಿಂದ ಸ್ವರ ಶುರುಮಾಡುವುದು) ಅಭ್ಯಾಸಗಳ ಜೊತೆ ಈಗ ಎಟ್ಯೂಡ್‌ಗಳೂ, ಅಂದರೆ ಅಭ್ಯಾಸಕ್ಕೆಂದೇ ಬರೆದ ಚಿಕ್ಕ ಕೃತಿಗಳೂ, ನಡೆಯುತ್ತಿವೆ. ನನ್ನ ತೊಂದರೆ ಎರಡು. ಒಂದು ದಿನ ಸಲೀಸಾಗಿ ಬಂದ ಎಟ್ಯೂಡ್ ಮರುದಿನ ಕೈಕೊಡುತ್ತದೆ. ಇನ್ನೊಂದು, ಸ್ವರಗಳೆಲ್ಲ ಸರಿ ಬಂದ ದಿನವೂ ಕೇಳಲು ಸಪ್ಪೆ, ಸ್ಟೈಲ್ ಇಲ್ಲ ಅಂತ ಗುರುಗಳು ಹೇಳುತ್ತಾರೆ. ರೆಕಾರ್ಡ್ ಮಾಡಿ ಕೇಳು ಅಂದರು. ಫೋನಿನಲ್ಲಿ ಮಾಡಿ ಕೇಳಿದೆ. ಬೇಜಾರಾಯಿತೇ ಹೊರತು ಯಾವುದನ್ನು ಸರಿ ಮಾಡಬೇಕು ಅಂತ ತಿಳಿಯಲಿಲ್ಲ. ಫೋನ್ ಸಾಕಾ, ಮೈಕ್ ಬೇಕಾ? ದಿನಾ ಮಾಡಬೇಕಾ? ಕೇಳುವಾಗ ಏನನ್ನು ಕೇಳಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ, ಟ್ರಂಪೆಟ್ ಕಲಿಸುವವರೊಬ್ಬರಿಂದ

ನಿಮ್ಮ ಗುರುಗಳು ಸರಿಯಾಗಿಯೇ ಹೇಳಿದ್ದಾರೆ. ಟ್ರಂಪೆಟ್ ನುಡಿಸುವವರಿಗೆ ರೆಕಾರ್ಡಿಂಗ್ ಬೇರೆಯವರಿಗಿಂತ ಜಾಸ್ತಿ ಬೇಕು. ಬೆಲ್, ಅಂದರೆ ವಾದ್ಯದ ಅಗಲವಾದ ಬಾಯಿ, ನಮ್ಮಿಂದ ಆಚೆಗೆ ಮುಖ ಮಾಡಿರುತ್ತದೆ. ನಾವು ಅದರ ಹಿಂದೆ ನಿಂತಿರುತ್ತೇವೆ. ಜೊತೆಗೆ ತುಟಿಯ ಕಂಪನ ಹಲ್ಲು, ದವಡೆಯ ಮೂಲಕ ನೇರವಾಗಿ ಕಿವಿಗೆ ಬರುತ್ತದೆ. ಹಾಗಾಗಿ ನಮಗೆ ಕೇಳುವ ಸದ್ದೇ ಬೇರೆ, ಎದುರಿಗೆ ಕೂತವರಿಗೆ ಕೇಳುವ ಸದ್ದೇ ಬೇರೆ. ನಾವು ಜೋರಾಗಿ, ಚೂಪಾಗಿ ಟಂಗ್ ಮಾಡಿದೆವು ಅಂದುಕೊಂಡಿರುತ್ತೇವೆ. ಎದುರಿನವರಿಗೆ ಅದು ಮೆತ್ತಗೆ ಕೇಳಿರುತ್ತದೆ. ಸಣ್ಣದಾಗಿ ಶುರುಮಾಡಿ ದೊಡ್ಡದಾಗಿ ಬೆಳೆಸಿದೆವು ಅಂದುಕೊಂಡಿರುತ್ತೇವೆ. ಹೊರಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಿರುವುದಿಲ್ಲ. ಸಪ್ಪೆ ಅನ್ನುವ ಮಾತು ಬರುವುದು ಹೆಚ್ಚಾಗಿ ಇಲ್ಲಿಂದಲೇ. ಭಾವ ಇಲ್ಲದೆ ಅಲ್ಲ, ಇದ್ದ ಭಾವ ಬೆಲ್ ದಾಟಿ ಹೊರಗೆ ಬಂದಿಲ್ಲ.

ಇನ್ನು ಕೇಳುವ ರೀತಿ. ಒಂದು ಸಲ ಕೇಳುವಾಗ ಒಂದೇ ಪ್ರಶ್ನೆ ಇರಲಿ. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಕೊನೆಗೆ ಉಳಿಯುವುದು "ಚೆನ್ನಾಗಿಲ್ಲ" ಅನ್ನುವ ಬೇಸರ ಮಾತ್ರ. ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ಹೀಗಿದೆ. ಮೊದಲು ಲಯ. ಪಕ್ಕದಲ್ಲಿ ಮೆಟ್ರೊನೋಮ್ (ಲಯಕ್ಕೆ ಕ್ಲಿಕ್ ಕೊಡುವ ಸಾಧನ) ಹಾಕಿಕೊಂಡು ಎಲ್ಲಿ ಓಡಿದೆ, ಎಲ್ಲಿ ಎಳೆದಿದೆ ನೋಡಿ. ಕಷ್ಟದ ಜಾಗದಲ್ಲಿ ನಿಧಾನ ಆಗುವುದು ಎಲ್ಲರಿಗೂ ಗೊತ್ತು. ಆದರೆ ಸುಲಭದ ಜಾಗದಲ್ಲಿ ಓಡುವುದು, ಉಸಿರು ತೆಗೆದುಕೊಂಡ ಮೇಲೆ ತಡವಾಗಿ ಬರುವುದು ರೆಕಾರ್ಡಿಂಗಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಆಮೇಲೆ ಸ್ವರದ ಶುರು. ಸ್ವರ ಥಟ್ಟನೆ ಹುಟ್ಟಿತಾ, ಮೊದಲು ಗಾಳಿ ಬಂದು ಆಮೇಲೆ ಸ್ವರ ಬಂತಾ? ಅದರ ನಂತರ ಸ್ವರದ ಕೊನೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಸ್ಟೈಲ್ ಅನ್ನುವುದರ ಅರ್ಧ ಭಾಗ ಸ್ವರದ ಉದ್ದದಲ್ಲಿದೆ ಅಂತ ನಾನು ನಂಬಿದ್ದೇನೆ. ಒಂದು ಸ್ಟಕಾಟೊ (ಕತ್ತರಿಸಿದ ಹಾಗೆ ನುಡಿಸುವ ಸ್ವರ) ಚಿಕ್ಕದು, ಪಕ್ಕದ್ದು ಉದ್ದ, ಅದರಾಚೆಯದು ಮಧ್ಯಮ: ಹೀಗಿದ್ದರೆ ಸ್ವರ ಎಷ್ಟು ಶುದ್ಧವಾಗಿದ್ದರೂ ಕೇಳುವವರಿಗೆ ಸಂಗೀತ ಅನ್ನಿಸುವುದಿಲ್ಲ, ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ.

ಶ್ರುತಿಯನ್ನು ನಾನು ಕೊನೆಗೆ ಇಡುತ್ತೇನೆ. ಅದರಲ್ಲಿ ಕೆಲವು ತೊಂದರೆ ವಾದ್ಯದ್ದೇ. ಸ್ಟಾಫಿನ (ಸ್ವರ ಬರೆಯುವ ಐದು ಗೆರೆಗಳ) ಒಳಗೆ ಬರೆದ ಸಿ ಮೇಲಿನ ಡಿ, ಇ ಫ್ಲಾಟ್, ಇ ಹೆಚ್ಚಿನ ಟ್ರಂಪೆಟ್‌ಗಳಲ್ಲಿ ಸ್ವಲ್ಪ ಇಳಿದೇ ಇರುತ್ತವೆ. ಅವು ಐದನೇ ಹಾರ್ಮೋನಿಕ್ ಸಾಲಿನ (ಒಂದೇ ಬೆರಳಿಗೆ ಕೆಳಗಿಂದ ಮೇಲೆ ಬರುವ ಸ್ವರಗಳಲ್ಲಿ ಐದನೆಯ) ಸ್ವರಗಳು. ಆ ಹಾರ್ಮೋನಿಕ್ ಪ್ರಕೃತಿಯಲ್ಲೇ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗಕ್ಕೆ ಒಂದು ಸೆಂಟ್) ಕೆಳಗಿದೆ. ಕೆಳಗಿನ ಡಿ ಮತ್ತು ಸಿ ಶಾರ್ಪ್ ಏರಿರುತ್ತವೆ, ಅಲ್ಲಿ ಮೂರನೇ ವಾಲ್ವಿನ ಸ್ಲೈಡ್ (ಜಾರುವ ಕೊಳವೆ) ಹೊರಗೆ ತಳ್ಳಬೇಕು. ರೆಕಾರ್ಡಿಂಗಿನಲ್ಲಿ ಈ ಸ್ವರಗಳು ಮತ್ತೆ ಮತ್ತೆ ತಪ್ಪಿದರೆ ಕಿವಿಯನ್ನು ಬೈದುಕೊಳ್ಳಬೇಡಿ. ಸ್ಲೈಡಿಗೆ ಕೈ ಹೋಗುತ್ತಿದೆಯಾ ನೋಡಿ. ಟ್ಯೂನರ್ ಹಾಕಿ ನೋಡುವವರಿಗೆ ಒಂದು ಮಾತು: ಬಿ ಫ್ಲಾಟ್ ಟ್ರಂಪೆಟ್‌ನಲ್ಲಿ ಬರೆದ ಸಿ ನುಡಿಸಿದರೆ ಟ್ಯೂನರ್ ಬಿ ಫ್ಲಾಟ್ ತೋರಿಸುತ್ತದೆ. ಗಾಬರಿ ಬೇಡ.

ಪ್ರತಿ ಸಲ ಕೇಳಿದಾಗ ಪುಸ್ತಕದ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಗುರುತು ಹಾಕಿದ ಎರಡು ಮೂರು ಬಾರ್ (ಅಡ್ಡಗೆರೆಗಳ ನಡುವಿನ ಒಂದೊಂದು ಭಾಗ) ಮಾತ್ರ ನುಡಿಸಿ. ಆಮೇಲೆ ಮತ್ತೆ ಇಡೀ ಎಟ್ಯೂಡ್. ರೆಕಾರ್ಡ್ ಮಾಡಿ, ಕೇಳದೆ, ಮತ್ತೆ ರೆಕಾರ್ಡ್ ಮಾಡುವುದರಿಂದ ಫೋನ್ ತುಂಬುತ್ತದೆ ಅಷ್ಟೇ.

ಎರಡನೆಯದು, ಬ್ರಾಸ್ ಬ್ಯಾಂಡಿನಲ್ಲಿ ಕಾರ್ನೆಟ್ (ಟ್ರಂಪೆಟ್ ಹೋಲುವ ವಾದ್ಯ) ನುಡಿಸುವವರಿಂದ

ಮೇಲೆ ಬರೆದವರ ಮಾತಿಗೆ ನನ್ನದೂ ಒಪ್ಪಿಗೆ. ನಾನು ಸಾಮಾನಿನ ಬಗ್ಗೆ ಹೇಳುತ್ತೇನೆ.

ಫೋನ್ ಸಾಕು. ಆದರೆ ಅದನ್ನು ಮ್ಯೂಸಿಕ್ ಸ್ಟ್ಯಾಂಡಿನ ಮೇಲೆ ಇಡಬೇಡಿ. ಬೆಲ್ಲಿನ ನೇರಕ್ಕೆ ಹತ್ತಿರದಲ್ಲಿ ಇಟ್ಟರೆ ಮೈಕ್ ತಡೆಯುವುದಿಲ್ಲ, ಜೋರಿನ ಸ್ವರಗಳು ಒಡೆದು ಕರಕರ ಅನ್ನುತ್ತವೆ. ಎತ್ತರದ ಕಂಪನಗಳು ಬೆಲ್ಲಿನಿಂದ ನೇರವಾಗಿ ಮುಂದಕ್ಕೆ ಹೋಗುವುದರಿಂದ ಅಲ್ಲಿ ಸದ್ದು ತೀರಾ ಚೂಪಾಗಿಯೂ ಇರುತ್ತದೆ. ಎರಡು ಮೂರು ಮೀಟರ್ ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ದಿನಾ ಅದೇ ಜಾಗ, ಅದೇ ದೂರ, ನೀವು ನಿಲ್ಲುವುದೂ ಅಲ್ಲೇ. ಜಾಗ ಬದಲಾದರೆ ನಿನ್ನೆಯದನ್ನೂ ಇವತ್ತಿನದನ್ನೂ ಹೋಲಿಸುವುದಕ್ಕೆ ಆಗುವುದಿಲ್ಲ.

ಇನ್ನೊಂದು ಬಹಳ ಮುಖ್ಯ. ಎಷ್ಟೋ ಫೋನುಗಳು ಸದ್ದನ್ನು ತಾವೇ ಹೊಂದಿಸುತ್ತವೆ. ಮೆತ್ತಗಿದ್ದರೆ ಏರಿಸುತ್ತವೆ, ಜೋರಾದರೆ ಇಳಿಸುತ್ತವೆ. ನೀವು ಕಷ್ಟಪಟ್ಟು ಪಿಯಾನೊದಿಂದ (ಮೆತ್ತಗಿನಿಂದ) ಫೋರ್ಟೆಗೆ (ಜೋರಿಗೆ) ಬೆಳೆಸಿದ್ದು ಅದರಲ್ಲಿ ಚಪ್ಪಟೆಯಾಗಿಬಿಡುತ್ತದೆ. ಸ್ಟೈಲ್ ಇಲ್ಲ ಅಂತ ನೀವು ಕೊರಗುತ್ತಿರುವುದರಲ್ಲಿ ಫೋನಿನ ಪಾಲೂ ಇರಬಹುದು. ಪರೀಕ್ಷೆ ಸುಲಭ. ಒಂದು ಉದ್ದ ಸ್ವರವನ್ನು ತೀರಾ ಮೆತ್ತಗೆ ಶುರುಮಾಡಿ ಜೋರಾಗಿಸಿ ರೆಕಾರ್ಡ್ ಮಾಡಿ. ಕೇಳುವಾಗ ಏರಿಕೆ ಕಾಣದಿದ್ದರೆ ಸದ್ದಿನ ಮಟ್ಟವನ್ನು ನಾವೇ ಹೊಂದಿಸುವ ಆ್ಯಪ್ ಹಾಕಿಕೊಳ್ಳಿ. ಅತಿ ಜೋರಿನ ಸ್ವರವೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟರೆ ಸದ್ದು ಒಡೆಯುವುದಿಲ್ಲ. ಹಿನ್ನೆಲೆ ಗದ್ದಲ ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಅದು ಮೆತ್ತಗಿನ ಸ್ವರದ ಬಾಲವನ್ನೇ ತಿಂದುಹಾಕುತ್ತದೆ.

ಮೆಟ್ರೊನೋಮನ್ನು ಕಿವಿಗೆ ಹಾಕಿಕೊಂಡು ನುಡಿಸುವುದಾದರೆ ವೈರ್ ಇರುವ ಇಯರ್‌ಫೋನೇ ಇರಲಿ, ಒಂದೇ ಕಿವಿಗೆ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಆಮೇಲೆ ಕ್ಲಿಕ್ ಜೊತೆ ಹೋಲಿಸಿದಾಗ ನೀವು ತಡ ಮಾಡಿದಿರೋ ಅದು ತಡ ಮಾಡಿತೋ ಗೊತ್ತಾಗುವುದಿಲ್ಲ.

ಮೂರನೆಯದು

ನನ್ನ ಅನುಭವ ಚಿಕ್ಕದು. ಅರ್ಧ ವೇಗದಲ್ಲಿ ಕೇಳಿ. ಶ್ರುತಿ ಬದಲಾಗದೆ ವೇಗ ಮಾತ್ರ ಇಳಿಸುವ ಸೌಲಭ್ಯ ಈಗ ಬೇಕಾದಷ್ಟು ಆ್ಯಪ್‌ಗಳಲ್ಲಿದೆ. ಕಂಪ್ಯೂಟರಿನಲ್ಲಾದರೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ನಿಮಿಷಕ್ಕೆ 80 ಕ್ವಾರ್ಟರ್ ನೋಟ್ ವೇಗ ಇದ್ದಾಗ, ಅದರ ಕಾಲು ಭಾಗವಾದ ಒಂದು ಹದಿನಾರನೇ ನೋಟ್ ಸೆಕೆಂಡಿನ ಐದನೇ ಒಂದು ಭಾಗವೂ ಇರುವುದಿಲ್ಲ. ಅಷ್ಟರಲ್ಲಿ ನಾಲಿಗೆ ಮುಂದೆ, ಬೆರಳು ಹಿಂದೆ ಆದದ್ದು ಕಿವಿಗೆ ಹತ್ತುವುದಿಲ್ಲ, ಏನೋ ಕೊಳೆ ಇದೆ ಅಂತ ಮಾತ್ರ ಅನ್ನಿಸುತ್ತದೆ. ಅರ್ಧ ವೇಗದಲ್ಲಿ ಎರಡು ಸ್ವರಗಳ ನಡುವೆ ಇಣುಕುವ ಬೇಡದ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಗೊತ್ತಾದದ್ದು ಹೀಗೆಯೇ: ನನ್ನ ನಾಲಿಗೆಯಲ್ಲಿ ತೊಂದರೆಯೇ ಇರಲಿಲ್ಲ, ವಾಲ್ವ್‌ಗಳು ಪೂರ್ತಿ ಕೆಳಗೆ ಹೋಗುತ್ತಿರಲಿಲ್ಲ.

ನಾಲ್ಕನೆಯದು, ಆರ್ಕೆಸ್ಟ್ರಾ ಆಡಿಷನ್‌ಗೆ ತಯಾರಿ ನಡೆಸಿರುವವರಿಂದ

ಸ್ಥಿರತೆಯ ಬಗ್ಗೆ ನನಗೆ ಹೇಳುವುದಿದೆ. ದಿನಕ್ಕೆ ಒಂದೇ ಟೇಕ್. ವಾರ್ಮ್‌ಅಪ್ ಆದ ಮೇಲೆ, ಆ ಎಟ್ಯೂಡಿನ ಒಂದು ಬಾರನ್ನೂ ಮುಟ್ಟದೆ, ನೇರವಾಗಿ ರೆಕಾರ್ಡ್ ಒತ್ತಿ ಮೊದಲಿಂದ ಕೊನೆಯವರೆಗೆ ನುಡಿಸುತ್ತೇನೆ. ಸ್ವರ ಒಡೆದರೂ ನಿಲ್ಲಿಸುವುದಿಲ್ಲ. ಹತ್ತು ಟೇಕ್ ತೆಗೆದು ಒಳ್ಳೆಯದನ್ನು ಇಟ್ಟುಕೊಂಡರೆ ನಮ್ಮ ಅತ್ಯುತ್ತಮ ಯಾವುದು ಅಂತ ತಿಳಿಯುತ್ತದೆ. ಆದರೆ ವೇದಿಕೆಯ ಮೇಲೆ ಬರುವುದು ಮೊದಲ ಟೇಕ್ ಮಾತ್ರ, ಅಲ್ವಾ? ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ ಅಂದಿರಲ್ಲ, ಬಂದ ದಿನ ಅದು ಎಷ್ಟನೇ ಸಲಕ್ಕೆ ಬಂತು ನೋಡಿ. ಮೊದಲ ಟೇಕ್‌ಗಳನ್ನು ಮಾತ್ರ ಸಾಲಾಗಿ ಇಟ್ಟು ಕೇಳಿದರೆ ದಿನಗಳ ನಡುವಿನ ವ್ಯತ್ಯಾಸ ನೀವು ಅಂದುಕೊಂಡಷ್ಟು ಇರುವುದಿಲ್ಲ. ತಪ್ಪುವ ಜಾಗಗಳೂ ಅವೇ ಇರುತ್ತವೆ. ಅದು ಒಳ್ಳೆಯ ಸುದ್ದಿ. ಒಂದೇ ಜಾಗದಲ್ಲಿ ತಪ್ಪುವುದನ್ನು ತಿದ್ದಬಹುದು.

ಫೈಲಿನ ಹೆಸರಿನಲ್ಲಿ ತಾರೀಕು, ಎಟ್ಯೂಡ್ ಸಂಖ್ಯೆ, ಟೆಂಪೊ ಇರಲಿ. ಇಲ್ಲದಿದ್ದರೆ ತಿಂಗಳಾದ ಮೇಲೆ ಹುಡುಕುವುದೇ ಕೆಲಸ.

ಐದನೆಯದು

ಮೇಲಿನವರ ಒಂದೇ ಟೇಕ್ ಮಾತು ಎಲ್ಲರಿಗೂ ಹೊಂದುವುದಿಲ್ಲ. ರೆಕಾರ್ಡ್ ಗುಂಡಿ ಒತ್ತಿದ ಕ್ಷಣವೇ ಭುಜ ಬಿಗಿಯಾಗುವವರು ಇದ್ದೇವೆ. ನಾನು ಅಭ್ಯಾಸಕ್ಕೆ ನಿಲ್ಲುವ ಮೊದಲೇ ರೆಕಾರ್ಡಿಂಗ್ ಶುರುಮಾಡಿ ಫೋನನ್ನು ಮರೆತುಬಿಡುತ್ತೇನೆ. ಇಡೀ ಅಭ್ಯಾಸ ಅದರಲ್ಲಿ ಇರುತ್ತದೆ. ಬೇಕಾದ ಭಾಗವನ್ನು ಮಾತ್ರ ಕೇಳುತ್ತೇನೆ. ಆತಂಕ ಪೂರ್ತಿ ಹೋದ ಮೇಲೆ ಬೇಕಾದರೆ ಒಂದೇ ಟೇಕ್‌ಗೆ ಬನ್ನಿ.

ಇಲ್ಲಿ ಯಾರೂ ಹೇಳದ ಒಂದು ವಿಷಯ: ಕೇಳುವ ಹೊತ್ತು ತುಟಿಗೆ ವಿಶ್ರಾಂತಿ. ಪಿಯಾನೊ ನುಡಿಸುವವರ ಹಾಗೆ ನಾವು ಗಂಟೆಗಟ್ಟಲೆ ಒಂದೇ ಸಮ ನುಡಿಸುವುದಕ್ಕೆ ಆಗುವುದಿಲ್ಲ. ನುಡಿಸಿದಷ್ಟೇ ಹೊತ್ತು ಬಿಡುವು ಕೊಡಿ ಅಂತ ಗುರುಗಳು ಹೇಳುತ್ತಲೇ ಇರುತ್ತಾರೆ. ಆ ಬಿಡುವಿನಲ್ಲಿ ಏನು ಮಾಡಬೇಕು ಅಂತ ತೋಚದೆ ಮತ್ತೆ ವಾದ್ಯ ಎತ್ತಿಕೊಳ್ಳುತ್ತೇವೆ. ಎಟ್ಯೂಡ್ ನುಡಿಸಿ, ವಾದ್ಯ ಕೆಳಗಿಟ್ಟು, ಅಷ್ಟೇ ಹೊತ್ತು ಅದನ್ನೇ ಕೇಳಿದರೆ ತುಟಿಯೂ ಉಳಿಯುತ್ತದೆ, ಕಿವಿಯೂ ಕೆಲಸ ಮಾಡುತ್ತದೆ. ಸುಸ್ತಾದ ತುಟಿಯಲ್ಲಿ ತೆಗೆದ ಟೇಕ್ ಕೇಳಿ ಸ್ಟೈಲ್ ಬಗ್ಗೆ ತೀರ್ಮಾನ ಮಾಡುವುದು ಅನ್ಯಾಯ.

ಆರನೆಯದು, ಮೊದಲು ಉತ್ತರಿಸಿದ ಶಿಕ್ಷಕರಿಂದಲೇ

ಸ್ಟೈಲ್ ಬಗ್ಗೆ ಬರೆಯುವುದು ಉಳಿದಿತ್ತು. ನುಡಿಸುವ ಮೊದಲು ಹಾಡಿ. ಹಾಡಿದ್ದನ್ನೂ ರೆಕಾರ್ಡ್ ಮಾಡಿ. ದನಿ ಚೆನ್ನಾಗಿರಬೇಕಿಲ್ಲ. ತಾ, ದಾ ಅಂತ ಹಾಡಿದರೆ ಸಾಕು. ಹಾಡುವಾಗ ನಿಮಗೆ ತಿಳಿಯದೆಯೇ ವಾಕ್ಯ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಯಾವ ಸ್ವರಕ್ಕೆ ಒತ್ತು ಬೇಕು ಅನ್ನುವುದು ಬಂದುಬಿಡುತ್ತದೆ. ಆಮೇಲೆ ನುಡಿಸಿ ರೆಕಾರ್ಡ್ ಮಾಡಿ, ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಹಾಡಿದ್ದರಲ್ಲಿ ಇದ್ದದ್ದು ನುಡಿಸಿದ್ದರಲ್ಲಿ ಎಲ್ಲಿ ಕಳೆದುಹೋಯಿತು? ಅದೇ ನೀವು ಕೆಲಸ ಮಾಡಬೇಕಾದ ಜಾಗ. ಹಾಡಿದ್ದೇ ಸಪ್ಪೆಯಾಗಿದ್ದರೆ ಟ್ರಂಪೆಟ್ ಪಕ್ಕಕ್ಕಿಡಿ. ಆ ಎಟ್ಯೂಡ್ ಏನು ಹೇಳುತ್ತಿದೆ ಅಂತ ಇನ್ನೂ ನಿರ್ಧಾರ ಆಗಿಲ್ಲ.

ಎಟ್ಯೂಡ್ ಅಂದರೆ ಬೆರಳಿನ ವ್ಯಾಯಾಮ ಮಾತ್ರ ಅಂತ ತಿಳಿಯಬೇಡಿ. ಫ್ರಾನ್ಸಿನ ಕಾರ್ನೆಟ್ ವಾದಕ ಅರ್ಬಾನ್ 1864ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ಕಾರ್ನೆಟ್ ಪಾಠಪುಸ್ತಕದಲ್ಲೇ ತಾಂತ್ರಿಕ ಅಭ್ಯಾಸಗಳ ಜೊತೆ ಹಾಡುಗಳ ದೊಡ್ಡ ಭಾಗವಿದೆ, ಆಮೇಲೆ 14 ದೊಡ್ಡ ಎಟ್ಯೂಡ್‌ಗಳಿವೆ. ಬೆಲ್ಜಿಯಂನ ತಿಯೋ ಶಾರ್ಲಿಯೆ ಅವರ 36 ಎಟ್ಯೂಡ್‌ಗಳಲ್ಲಿ ಎರಡನೆಯದರ ವಿಷಯವೇ ಸ್ಟೈಲ್. ಅಂಥದ್ದನ್ನು ಆಯ್ದುಕೊಳ್ಳಿ. ವೇಗದ ಎಟ್ಯೂಡ್‌ನಲ್ಲಿ ಬೆರಳಿನ ಗಡಿಬಿಡಿಯ ನಡುವೆ ಸ್ಟೈಲ್ ಕೇಳಿಸಿಕೊಳ್ಳುವುದು ಕಷ್ಟ.

ದೊಡ್ಡ ಕಲಾವಿದರ ರೆಕಾರ್ಡಿಂಗ್ ಜೊತೆ ಹೋಲಿಸುತ್ತೀರಾದರೆ ವಾಕ್ಯದ ಆಕಾರ, ಸ್ವರದ ಉದ್ದ, ಉಸಿರಿನ ಜಾಗ ಇವನ್ನು ಹೋಲಿಸಿ. ನಾದವನ್ನು ಹೋಲಿಸಬೇಡಿ. ಅವರದು ಒಳ್ಳೆಯ ಸಭಾಂಗಣ, ಒಳ್ಳೆಯ ಮೈಕ್. ನಿಮ್ಮದು ಕೋಣೆ ಮತ್ತು ಫೋನ್.

ಪ್ರಶ್ನೆ ಕೇಳಿದವರಿಂದ

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನನ್ನು ದೂರ ಇಟ್ಟೆ. ಅಷ್ಟಕ್ಕೇ ಅರ್ಧ ಬೇಜಾರು ಹೋಯಿತು. ಮೊದಲ ಟೇಕ್‌ಗಳನ್ನು ಸಾಲಾಗಿ ಕೇಳಿದೆ. ನಿಜ, ತಪ್ಪುವ ಜಾಗ ಒಂದೇ. ಉದ್ದ ಸ್ಲರ್‌ನ ಕೊನೆಗೆ ಬರುವ, ಸ್ಟಾಫ್ ಮೇಲಿನ ಎ. ಬರುತ್ತದೆ, ಇಲ್ಲವೇ ಒಡೆಯುತ್ತದೆ. ಆ ಸ್ವರವನ್ನು ಒಂಟಿಯಾಗಿ ನುಡಿಸಿದರೆ ಯಾವಾಗಲೂ ಬರುತ್ತದೆ. ಆ ಜಾಗವನ್ನು ಮತ್ತೆ ಮತ್ತೆ ಕೇಳಿದರೂ ಕಾರಣ ಸಿಗಲಿಲ್ಲ.

ಕೊನೆಯ ಉತ್ತರ, ಶಿಕ್ಷಕರಿಂದ

ಒಂಟಿಯಾಗಿ ಬರುತ್ತದೆ ಅಂದಮೇಲೆ ಕಾರಣ ಆ ಸ್ವರದಲ್ಲಿ ಇಲ್ಲ. ಒಡೆದ ಸ್ವರವನ್ನು ಕೇಳುವುದು ಬಿಡಿ, ಅದಕ್ಕಿಂತ ಎರಡು ಬಾರ್ ಹಿಂದೆ ಕೇಳಿ. ಒಡೆದ ಟೇಕ್ ಒಂದು, ಚೆನ್ನಾಗಿ ಬಂದ ಟೇಕ್ ಒಂದು ಆರಿಸಿಕೊಂಡು ಆ ಎರಡು ಬಾರ್ ಮಾತ್ರ ಹೋಲಿಸಿ. ಮೂರು ವಿಷಯ ನೋಡಿ. ಸ್ಲರ್ ಶುರುವಾಗುವ ಮೊದಲಿನ ಉಸಿರಿನ ಸದ್ದು ಹೇಗಿದೆ? ಹಿಸ್ಸ್ ಅಂತ ಚಿಕ್ಕದಾಗಿ, ಬಿಗಿಯಾಗಿ ಕೇಳಿದರೆ ಗಂಟಲು ತೆರೆದಿಲ್ಲ, ಗಾಳಿ ಸಾಕಷ್ಟು ಒಳಗೆ ಹೋಗಿಲ್ಲ. ಎರಡು, ಮೇಲೆ ಹತ್ತುತ್ತಾ ಸ್ವರ ತೆಳುವಾಗುತ್ತಿದೆಯಾ? ಎತ್ತರದ ಸ್ವರದ ಭಯಕ್ಕೆ ಗಾಳಿಯನ್ನು ಉಳಿಸುತ್ತಿದ್ದೀರಿ ಅಂತ ಅರ್ಥ. ಮೂರು, ಎ ಬರುವ ಮೊದಲಿನ ಸ್ವರಗಳು ಓಡುತ್ತಿವೆಯಾ? ಭಯ ಇರುವಲ್ಲಿ ಬೆರಳು ಅವಸರ ಮಾಡುತ್ತದೆ.

ಸಾಧ್ಯವಾದರೆ ಒಂದು ಸಲ ಪಕ್ಕದಿಂದ ವಿಡಿಯೊ ಮಾಡಿ. ಉಸಿರು ತೆಗೆಯುವಾಗ ಭುಜ ಮೇಲೇಳುತ್ತದೆಯಾ, ಎ ಬರುವಾಗ ಮೌತ್‌ಪೀಸ್ ತುಟಿಗೆ ಒತ್ತಿಕೊಳ್ಳುತ್ತದೆಯಾ ಅನ್ನುವುದು ಸದ್ದಿನಲ್ಲಿ ಸಿಗುವುದಿಲ್ಲ, ಕಣ್ಣಿಗೆ ಕಾಣುತ್ತದೆ.

ಕೆಲಸ ಮಾಡುವ ರೀತಿ ಹೀಗಿರಲಿ. ಆ ಸ್ಲರನ್ನು ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ನುಡಿಸಿ, ಗಾಳಿ ಹೇಗೆ ಹರಿಯುತ್ತದೆ ಗಮನಿಸಿ. ಅದೇ ಹರಿವನ್ನು ಇಟ್ಟುಕೊಂಡು ಮೇಲೆ ಬನ್ನಿ. ಹಿಂದಿನ ವಾಕ್ಯದ ಕೊನೆಯ ಸ್ವರವನ್ನು ಸ್ವಲ್ಪ ಬೇಗ ಬಿಟ್ಟು, ಉಸಿರಿಗೆ ಒಂದು ಪೂರ್ತಿ ಎಂಟನೇ ನೋಟ್‌ನಷ್ಟು ಜಾಗ ಕೊಡಿ. ಉಸಿರೂ ಲಯದಲ್ಲೇ ಇರಲಿ. ಪೆನ್ಸಿಲ್‌ನಲ್ಲಿ ಅಲ್ಲಿ ಗುರುತು ಹಾಕಿ. ನಾಳೆಯ ಟೇಕ್‌ನಲ್ಲಿ ಎ ಬಂತೋ ಇಲ್ಲವೋ ಅಂತ ನೋಡಬೇಡಿ, ಗುರುತು ಹಾಕಿದ ಜಾಗದಲ್ಲಿ ಉಸಿರು ಬಂತಾ ಅಂತ ಮಾತ್ರ ಕೇಳಿ. ಕೆಲವು ದಿನಗಳ ಮೊದಲ ಟೇಕ್‌ಗಳಲ್ಲಿ ಅದು ತಪ್ಪದೆ ಬಂದರೆ ಮುಂದಿನ ಎಟ್ಯೂಡಿಗೆ ಹೋಗಿ. ಈ ಎಟ್ಯೂಡನ್ನು ವಾರಕ್ಕೊಮ್ಮೆ ತಿರುಗಿ ರೆಕಾರ್ಡ್ ಮಾಡುತ್ತಿರಿ.