ಕಾಂಜಿ ಕಲಿಕೆ: ಚಿತ್ರದ ನೆನಪು ಎಲ್ಲಿಯವರೆಗೆ ಕೈ ಹಿಡಿಯುತ್ತದೆ?

ಪ್ರಶ್ನೆ: ಜಪಾನಿ ಭಾಷೆಯ ಧ್ವನಿಲಿಪಿಗಳಾದ ಹಿರಗಾನ, ಕತಕಾನ ಮುಗಿಸಿ, ಜಪಾನಿನ ಒಂದನೇ ತರಗತಿಯ ಮಕ್ಕಳು ಕಲಿಯುವ 80 ಕಾಂಜಿಗಳಿಗೆ (ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರಗಳು) ಕೈ ಹಾಕಿದ್ದೇನೆ. ಇಂದು ಕಲಿತದ್ದು ನಾಳೆಗೆ ಉಳಿಯುತ್ತಿಲ್ಲ. ಚಿತ್ರ ಕಲ್ಪಿಸಿಕೊಂಡು ಕಲಿತವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಮೊದಲ ಉತ್ತರ: ಅಚ್ಚಾದ ಚಿತ್ರಪಟಗಳಿಂದ ನನಗೆ ಹೆಚ್ಚು ಪ್ರಯೋಜನವಾಗಲಿಲ್ಲ, ನಾನೇ ಕಂಡ ದೃಶ್ಯಗಳನ್ನು ಅಕ್ಷರಗಳಿಗೆ ಹೊಂದಿಸಿಕೊಂಡ ಮೇಲೆಯೇ ಅವು ಮನಸ್ಸಿನಲ್ಲಿ ನಿಂತವು. ಚೌಕದೊಳಗೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದರೆ ಗದ್ದೆ. ನಮ್ಮೂರಿನ ಬದುಗಳೇ ಅವು. ಅದರ ಕೆಳಗೆ ‘ಬಲ’ ಎಂಬ ಅಕ್ಷರ ಸೇರಿದರೆ ಗಂಡಸು ಎಂದಾಗುತ್ತದೆ, ಹಾರೆ ಹಿಡಿದ ನಮ್ಮಜ್ಜ ಕಣ್ಣಿಗೆ ಕಟ್ಟುತ್ತಾರೆ (ಅಜ್ಜಿಯೂ ಅಷ್ಟೇ ದುಡಿದಿದ್ದರು ಎಂಬುದು ಬೇರೆ ಮಾತು). ಮನುಷ್ಯನ ಪಕ್ಕದಲ್ಲಿ ಮರವಿದ್ದರೆ ವಿಶ್ರಾಂತಿ. ನನ್ನ ಪಾಲಿಗೆ ಅದು ಮಧ್ಯಾಹ್ನ ಅಶ್ವತ್ಥಕಟ್ಟೆಯಲ್ಲಿ ಒರಗಿದವನ ಚಿತ್ರ.

ಆದರೆ ಚಿತ್ರವು ಅರ್ಥವನ್ನು ಕೊಡುತ್ತದೆಯೇ ಹೊರತು ಉಚ್ಚಾರಣೆಯನ್ನಲ್ಲ. ಮೂರು ತಿಂಗಳು ಬರಿಯ ಅರ್ಥ ಕಲಿತ ನಾನು, ಗಟ್ಟಿಯಾಗಿ ಓದಲು ಕುಳಿತ ದಿನ ಮೂಕನಾದೆ. ಆಗ ನೆರವಿಗೆ ಬಂದದ್ದು ನಮ್ಮ ರಸ್ತೆಗಳ ಬೈಕುಗಳು. ಯಮಹಾ, ಸುಜುಕಿ, ಹೊಂಡಾ ಮೂರೂ ಸ್ಥಾಪಕರ ಮನೆತನದ ಹೆಸರುಗಳು. ಅವನ್ನು ಕಾಂಜಿಯಲ್ಲಿ ಬರೆದಾಗ ‘ಯಮ’ ಎಂದರೆ ಬೆಟ್ಟ, ‘ಹ’ ಎಲೆ. ‘ಸುಜು’ ಕಿರುಗಂಟೆ, ‘ಕಿ’ ಮರ. ‘ಹೊನ್’ ಮೂಲ, ‘ದ’ ಗದ್ದೆ. ಬಿಡಿಯಾಗಿ ‘ತ’ ಎಂದಿರುವ ಗದ್ದೆ ಇಲ್ಲಿ ‘ದ’ ಆಗಿರುವುದು ನಮ್ಮ ‘ಬೆಟ್ಟದಾವರೆ’ಯ ಆದೇಶ ಸಂಧಿಯನ್ನೇ ನೆನಪಿಸುತ್ತದೆ. ಬೆಟ್ಟಕ್ಕೆ ಚೀನೀ ಮೂಲದ ‘ಸಾನ್’ ಎಂಬ ಓದೂ (ಉಚ್ಚಾರಣೆ) ಉಂಟು, ಫುಜಿ ಪರ್ವತವನ್ನು ಫುಜಿಸಾನ್ ಎನ್ನುವುದು ಅದರಿಂದಲೇ. ಆದ್ದರಿಂದ ಅಕ್ಷರವನ್ನು ಬಿಡಿಯಾಗಿ ಕಲಿಯದೆ ಒಂದು ಪದದೊಂದಿಗೆ ಕಲಿಯಿರಿ.

ಎರಡನೆಯ ಉತ್ತರ: ಮೇಲಿನ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ. ಜಪಾನ್ ಸರ್ಕಾರ ದಿನಬಳಕೆಗೆಂದು ಪಟ್ಟಿ ಮಾಡಿರುವ 2,136 ಕಾಂಜಿಗಳಲ್ಲಿ ನೇರವಾಗಿ ಚಿತ್ರದಿಂದ ಹುಟ್ಟಿದವು ಕಡಿಮೆ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವನ್ನೂ ಇನ್ನೊಂದು ಭಾಗ ಧ್ವನಿಯ ಸುಳಿವನ್ನೂ ಕೊಡುತ್ತದೆ. ‘ಕಾಲ’ ಎಂಬ ಅಕ್ಷರದಲ್ಲಿ ಸೂರ್ಯನ ಪಕ್ಕದಲ್ಲಿರುವ ಬೌದ್ಧ ದೇಗುಲಕ್ಕೆ ಕಥೆ ಹೆಣೆಯುವ ಬದಲು, ಅದು ‘ಜಿ’ ಎಂಬ ಧ್ವನಿಯನ್ನು ತೋರಿಸುತ್ತದೆಂದು ತಿಳಿದರೆ ಅದೇ ಭಾಗವಿರುವ ‘ಹಿಡಿ’ ಎಂಬ ಅಕ್ಷರದ ‘ಜಿ’ ಕೂಡ ತಾನಾಗಿಯೇ ಬರುತ್ತದೆ. ಅದೇ ದೇಗುಲ ‘ಕಾದಿರು’ ಎಂಬ ಅಕ್ಷರದಲ್ಲಿಯೂ ಇದೆ, ಓದು ಮಾತ್ರ ‘ತೈ’. ಈ ಎರಡನ್ನು ನಾನು ವರ್ಷವಿಡೀ ಅದಲುಬದಲು ಮಾಡುತ್ತಿದ್ದೆ. ಎಡಕ್ಕೆ ಕೈ ಇದ್ದರೆ ಹಿಡಿಯುವುದು, ಹೆಜ್ಜೆ ಇದ್ದರೆ ಕಾಯುವುದು ಎಂದು ಗೊತ್ತುಮಾಡಿಕೊಂಡ ಮೇಲೆ ಸರಿಹೋಯಿತು.

ಇನ್ನೊಂದು: ಮರದ ಹಿಂದೆ ಸೂರ್ಯ ಮೂಡಿದರೆ ‘ಪೂರ್ವ’ ಎಂಬುದು ನೆನಪಿಗೆ ಒಳ್ಳೆಯ ಕಥೆ, ಚರಿತ್ರೆಯಲ್ಲ. ಅದರ ಪ್ರಾಚೀನ ರೂಪ ಎರಡೂ ತುದಿ ಕಟ್ಟಿದ ಚೀಲದ ಚಿತ್ರವೆಂದು ಲಿಪಿತಜ್ಞರು ಹೇಳುತ್ತಾರೆ.

ಮೂರನೆಯ ಉತ್ತರ: ನೋಡಿದ್ದನ್ನು ಚೌಕುಳಿ ಪುಸ್ತಕದಲ್ಲಿ ಬರೆಯಿರಿ, ಗೆರೆಗಳ ಕ್ರಮ ತಪ್ಪಿಸಬೇಡಿ. ಗದ್ದೆಯನ್ನೇ ತೆಗೆದುಕೊಳ್ಳಿ: ಒಳಗಿನ ಎರಡು ಗೆರೆಗಳನ್ನು ಎಳೆದ ನಂತರವೇ ಕೆಳಗಿನ ಬದುವನ್ನು ಮುಚ್ಚಬೇಕು.